ಮಾಸ್ತರರ ಹಸಿರು ಝಂಡಾ

ಬಾಂಗ್ಲಾ ಯುದ್ಧ ಮುಗಿದು ಒಂದು ತಿಂಗಳಾಗಿರಬೇಕು. ಲಚ್ಯಾಣದ ನಮ್ಮ ಹೊಲದಲ್ಲಿ ಬಿಳಿಜೋಳದ ತೆನೆ ಹಾಲುಗಾಳು ತುಂಬಿತ್ತು, ಸೀತನಿ ಕಾಲ. ಕುಳ್ಳಿನ ಕೆಂಡದ ಸುತ್ತ ಕೂತವರಲ್ಲಿ ಸ್ಟೇಷನ್ ಮಾಸ್ತರರೂ ಇದ್ದರು. ಬೆಟಗೇರಿ ಕಡೆಯ ಕ್ರೈಸ್ತರು, ಮಾತು ಕಡಿಮೆ. ಅವರನ್ನು ಕೆಣಕಿದ್ದು ನಮ್ಮ ದೊಡ್ಡಪ್ಪ.

“ಮಾಸ್ತರ್ರ, ಹೊಡದವರಿಗೆ ತಿರುಗಿ ಹೊಡೀಬ್ಯಾಡ್ರಿ ಅಂದಾನಂತಲ್ಲ ನಿಮ್ಮ ಯೇಸು? ಹಂಗಿದ್ರ ಮಿಲ್ಟ್ರಿ ಗಾಡಿಗೆ ನೀವು ಹಸಿರು ಝಂಡಾ ಹೆಂಗ ತೋರಸ್ತೀರಿ?”

ಮಾಸ್ತರರು ಹಿಂಡಿ ಹಚ್ಚಿಕೊಂಡ ಕಾಳು ಬಾಯಿಗೆ ಹಾಕಿಕೊಂಡು ಸುಮಾರು ಹೊತ್ತು ಅಗಿದರು. “ಉತ್ತರ ಆಮ್ಯಾಗ ಹೇಳ್ತೀನ್ರಿ. ಮೊದಲ ನಮ್ಮಪ್ಪ ಹೇಳಿದ್ದು ಕೇಳ್ರಿ” ಅಂದರು.

1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಅವರ ತಂದೆ ಬೆಟಗೇರಿಯ ಮಿಷನ್ ಶಾಲೆಯ ಹುಡುಗ. ಆ ಶಾಲೆ ನಡೆಸುತ್ತಿದ್ದ ಬಾಸೆಲ್ ಮಿಷನ್ ಹೆಸರಿಗೆ ಸ್ವಿಟ್ಜರ್‌ಲ್ಯಾಂಡಿನದು, ಆದರೆ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, 1851ಕ್ಕೆ ಗುಳೇದಗುಡ್ಡ, 1885ಕ್ಕೆ ಬಿಜಾಪುರ ಅಂತ ನಮ್ಮ ಕಡೆಗೆಲ್ಲ ಹಬ್ಬಿದ್ದರು. ನಿಘಂಟಿನ ಕಿಟ್ಟೆಲ್ ಇದೇ ಮಿಷನ್ನಿನವರು. ಅವರು 1903ರಲ್ಲೇ ತೀರಿಕೊಂಡದ್ದು ಒಂದು ಲೆಕ್ಕಕ್ಕೆ ಪುಣ್ಯ. ಬದುಕಿದ್ದು ಇಲ್ಲೇ ಇದ್ದಿದ್ದರೆ ಅವರೂ ಸರಕಾರಕ್ಕೆ ವೈರಿಯೇ ಆಗುತ್ತಿದ್ದರು.

ಆಳುವವರಿಗೆ ಅಧೀನರಾಗಿರಿ ಅಂತ ಪೌಲನು ರೋಮಿನ ಸಭೆಗೆ ಬರೆದ ಪತ್ರದ ಹದಿಮೂರನೇ ಅಧ್ಯಾಯವನ್ನು ಈ ಪಾದ್ರಿಗಳು ಎಷ್ಟೋ ವರ್ಷ ಕನ್ನಡದಲ್ಲಿ ಬೋಧಿಸಿದ್ದರು. ಬ್ರಿಟಿಷ್ ದೊರೆಯ ಕ್ಷೇಮಕ್ಕೆ ಜರ್ಮನ್ ಪಾದ್ರಿಯೇ ಪ್ರಾರ್ಥನೆ ಮಾಡುತ್ತಿದ್ದುದನ್ನು ಮಾಸ್ತರರ ತಂದೆ ಕೇಳಿದ್ದರಂತೆ. ಆ ದೊರೆಯ ಸರಕಾರವೇ ಅವರನ್ನು ಹಿಡಿಯಿತು. ಸೈನ್ಯಕ್ಕೆ ಸೇರುವ ವಯಸ್ಸಿನವರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು. ಹೆಂಗಸರು, ಮಕ್ಕಳು, ವಯಸ್ಸಾದವರನ್ನು 1915-16ರಲ್ಲಿ ‘ಗೋಲ್ಕೊಂಡಾ’ ಎಂಬ ಹಡಗು ಹತ್ತಿಸಿ ಕಳಿಸಿದರು. ಸ್ವಿಸ್ ಪ್ರಜೆಯಾದ ಪಾದ್ರಿ ಮೊದಮೊದಲು ಉಳಿದ, ಜರ್ಮನ್ ಪ್ರಜೆ ಹೋದ. ಇಬ್ಬರೂ ಬೋಧಿಸಿದ ಸುವಾರ್ತೆ ಮಾತ್ರ ಒಂದೇ.

“ಆಳವ್ರು ಇಬ್ಬರೂ ಕ್ರೈಸ್ತರ ಇದ್ರು ನೋಡ್ರಿ,” ಮಾಸ್ತರರು ಕೆಂಡ ಕೆದಕಿದರು. “ಐದನೇ ಜಾರ್ಜ್, ಜರ್ಮನಿಯ ಕೈಸರ್ ಅಕ್ಕ-ತಮ್ಮನ ಮಕ್ಕಳು. ಇಬ್ಬರ ಫೌಜಿನ್ಯಾಗೂ ಪಾದ್ರಿಗಳು. ಜರ್ಮನ್ ಸಿಪಾಯಿ ಸೊಂಟದ ಪಟ್ಟಿ ಮ್ಯಾಲೆ ದೇವರು ನಮ್ಮ ಕಡೆ ಅಂತ ಅಚ್ಚು ಹಾಕಿಸಿದ್ರು.”

ಇನ್ನೊಂದು ಸಂಗತಿಯನ್ನು ಅವರು ಸ್ವಲ್ಪ ನಾಚಿಕೊಂಡೇ ಹೇಳಿದರು. ಮಂಗಳೂರಿನ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಜಾನ್ ಹಾಲರ್ ಎಂಬಾತ ಖಾಕಿ ಬಣ್ಣ ತಯಾರಿಸಿದ. (ಖಾಕಿ ತೊಟ್ಟವರಲ್ಲಿ ನಾವೇ ಮೊದಲಿಗರು ಅಂತ ಪಂಜಾಬಿನ ಗೈಡ್ಸ್ ಪಡೆಯವರ ವಾದವೂ ಇದೆ.) ಧರ್ಮಾಂತರವಾಗಿ ಜಾತಿಯಿಂದ ಹೊರಬಿದ್ದವರಿಗೆ ಹೊಟ್ಟೆಪಾಡಿಗೆಂದು ಹಾಕಿದ ಮಗ್ಗ ಅದು. ಪೊಲೀಸರಿಗೆ, ಸಿಪಾಯಿಗಳಿಗೆ ಬಟ್ಟೆ ಕೊಟ್ಟಿತು. ಯುದ್ಧ ಬಂದಾಗ ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ ಎರಡೂ ಮಿಷನ್ನಿನ ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನ್ ಮಿಷನ್ನುಗಳ ಆಸ್ತಿಗೆಂದೇ 438ನೇ ಕಲಮು ಇದೆ. ಆ ಆಸ್ತಿಯನ್ನು ಅದೇ ಮತದ ಟ್ರಸ್ಟಿಗಳಿಗೆ ಒಪ್ಪಿಸಬೇಕು ಅಂತ. ಗೆದ್ದವರು ದೇವರ ಸೊತ್ತಿಗೂ ಕಾಗದ ಮಾಡಿದರು.

ದೊಡ್ಡಪ್ಪ ಕೇಳಿದ: “ಗುರುಗಳನ್ನ ಹಿಡಕೊಂಡು ಹೋದಾಗ ನಿಮ್ಮ ಮಂದಿ ಏನ್ ಮಾಡಿದ್ರು?”

“ಏನ್ ಮಾಡತಾರ್ರಿ, ಅತ್ತರು. ಆಮ್ಯಾಗ ನಮ್ಮ ಕನ್ನಡದ ಉಪದೇಶಕರ ಗುಡಿ ನಡಿಸಿದ್ರು.”

ಇದು ದೊಡ್ಡಪ್ಪನಿಗೆ ಸಾಲಲಿಲ್ಲ. ಅವನ ತಕ್ಕಡಿಯೇ ಬೇರೆ. “ನಮ್ಮ ಬಾಗೇವಾಡಿ ಬಸವಣ್ಣನೂ ಬಿಜ್ಜಳನ ಭಂಡಾರ ನೋಡಿಕೊಂಡಾವನ. ರಾಜನ ಉಪ್ಪು ಉಂಡಾವನ. ಖರೆ, ಶರಣರಾದ ಹರಳಯ್ಯ, ಮಧುವರಸರಿಗೆ ಅದೇ ರಾಜ ಎಳೆಹೂಟಿ ಶಿಕ್ಷೆ ಕೊಟ್ಟಾಗ ಆ ಭಂಡಾರ ಕೈಯಾಗ ಇಟ್ಕೊಂಡು ಕೂಡಲಿಲ್ಲಲ್ಲ!”

ಮಾಸ್ತರರು ತಲೆದೂಗಿದರು. ತಮ್ಮಲ್ಲೂ ಅದೇ ಜಗ್ಗಾಟ ಅಂದರು. ತೆರಿಗೆಯ ನಾಣ್ಯ ತೋರಿಸಿ, ಕೈಸರನದು ಕೈಸರನಿಗೇ ಸಲ್ಲಲಿ ಅಂದ ಯೇಸುವೇ ತನ್ನನ್ನು ಹಿಡಿಯಲು ಬಂದವರ ಮೇಲೆ ಕತ್ತಿ ಎತ್ತಿದ ಪೇತ್ರನನ್ನು ತಡೆದ. ಆದರೆ ತನ್ನ ಬಳಿ ಬಂದ ರೋಮಿನ ಶತಾಧಿಪತಿಗೆ ನೌಕರಿ ಬಿಡು ಅನ್ನಲಿಲ್ಲ. ಸಿಪಾಯಿಗೂ ಮೋಕ್ಷ ಉಂಟೇ ಎಂಬ ಪ್ರಶ್ನೆಗೆ ಲೂಥರ್ 1526ರಲ್ಲಿ ಒಂದು ಪುಸ್ತಕವನ್ನೇ ಬರೆದ, ಉಂಟು ಅಂತ; ಆದರೆ ಅನ್ಯಾಯದ ಯುದ್ಧವೆಂದು ಖಚಿತವಾಗಿ ಗೊತ್ತಿದ್ದರೆ ದೊರೆ ಕರೆದರೂ ಹೋಗಬೇಡ ಅಂತಲೂ ಸೇರಿಸಿದ. ಬಂಗಾಳದ ನಿರಾಶ್ರಿತರ ಫೋಟೋ ಪೇಪರಿನಲ್ಲಿ ನೋಡಿದ್ದ ಮಾಸ್ತರರಿಗೆ ನಮ್ಮ ಯುದ್ಧದ ಬಗ್ಗೆ ಸಂಶಯವಿರಲಿಲ್ಲ. 1914ರದ್ದೇ ಅವರಿಗೆ ನುಂಗಲಾಗದ ತುತ್ತು.

“ಅದಿರಲಿ,” ದೊಡ್ಡಪ್ಪ ಬಿಡಲಿಲ್ಲ. “ಬಿಜಾಪುರದಿಂದ ಅಹಮದ್‌ನಗರಕ್ಕ ಹೋಗೂದಂದ್ರ ಹೋಟಗಿ ಲೈನು, ನಮ್ಮ ಲಚ್ಯಾಣದ ಮ್ಯಾಲೇ ಹಾಯಬೇಕು. ಆವತ್ತು ನಿಮ್ಮ ಪಾದ್ರಿನ್ನ ಕೂಡಿಸಿಕೊಂಡ ಗಾಡಿ ಬಂದಿದ್ರ?”

“ಹಸಿರು ಝಂಡಾ ತೋರಸ್ತಿದ್ದೆ,” ಮಾಸ್ತರರು ತಡಮಾಡಲಿಲ್ಲ. “ಗಾಡಿ ತಡಿಯೂ ಅಧಿಕಾರ ನಂದಲ್ಲ. ಆದ್ರ ನಿಂತಷ್ಟು ಹೊತ್ತು ಆ ಡಬ್ಬಿ ಮುಂದ ಹೋಗಿ ಎಲ್ಲಾರ ಎದುರಿಗೆ ಅವರ ಕಾಲು ಮುಟ್ಟತಿದ್ದೆ. ವೈರಿ ಕಾಲು ಯಾಕ ಮುಟ್ಟಿದಿ ಅಂತ ಸಾಹೇಬ ಕೇಳಿದ್ರ ಕೋಟು ಬಿಚ್ಚಿ ಕೊಡ್ತಿದ್ದೆ.”

“ಅಷ್ಟ ಸಾಕೇನ್ರಿ?” ಅಂದ ದೊಡ್ಡಪ್ಪ. ಸಾಲದು ಅಂತ ಅವನ ವಾದ. ಝಂಡಾ ಹಿಡಿದ ಕೈಗೂ ಅದರಲ್ಲಿ ಪಾಲಿದೆ ಅಂತ. ಸಾಕು ಅಂತ ಮಾಸ್ತರರು ಕೊನೆತನಕ ಅನ್ನಲಿಲ್ಲ, ತಮ್ಮಿಂದ ಆಗುವುದು ಅಷ್ಟೇ ಅಂದರು. ಆಗ ನಾನು ಪೂರಾ ದೊಡ್ಡಪ್ಪನ ಕಡೆ. ಸರಕಾರಿ ನೌಕರಿಯಲ್ಲೇ ಕೂದಲು ಹಣ್ಣಾದ ಮೇಲೆ, ಕೋಟು ಬಿಚ್ಚಿ ಕೊಡುತ್ತೇನೆ ಅಂದ ಆ ಮಾತು ಸಣ್ಣದೆಂದು ನನಗೆ ಅನಿಸುವುದಿಲ್ಲ.