ಪಾಲಾರ್ ಹಾದಿಯಲ್ಲಿ ಕಂಚಿಗೂ ಕಲ್ಲಿಗೂ ವೈದ್ಯರು

ಕೊಳ್ಳೇಗಾಲದಿಂದ ಹೊರಟ ಬಸ್ಸು ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ ಮಲೆ ಮಹದೇಶ್ವರನ ಬೆಟ್ಟ ಹತ್ತುತ್ತದೆ. ಅಲ್ಲಿಂದ ಘಟ್ಟ ಇಳಿದರೆ ಪಾಲಾರ್. ಇಲ್ಲಿ ಕರ್ನಾಟಕ ಮುಗಿದು ತಮಿಳುನಾಡು ಶುರುವಾಗುತ್ತದೆ. ಪಾಲಾರ್ ಹಳ್ಳ ಕಾವೇರಿಯನ್ನು ಸೇರುವ ತಾಣವೂ ಇದೇ. ಹೊರಗಿನವರಿಗೆ ಈ ಹೆಸರು ನೆನಪಿರುವುದು 1993ರ ಏಪ್ರಿಲ್ 9ರ ನೆಲಬಾಂಬ್ ಸ್ಫೋಟದಿಂದ. ಆದರೆ ಮಾದಪ್ಪನ ಒಕ್ಕಲಿಗೆ ಇದು ತಲೆಮಾರುಗಳಿಂದ ನಡೆದು ಬಂದ ಹಾದಿ.

ಈ ಹಾದಿಯ ದನಿ ಕಂಸಾಳೆ. ದೇವರಗುಡ್ಡರ ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ನಿತ್ಯ ಬಾರಿಸುವ ಕಂಸಾಳೆ ತಾನೇ ತಾನಾಗಿ ಹೊಳೆಯುತ್ತದೆ. ಅಪಾಯ ಶುರುವಾಗುವುದು ಹಾಡುವವರಿಲ್ಲದೆ ಅದು ಅಟ್ಟ ಸೇರಿದಾಗ. ಬೆವರು, ಧೂಳಿನಲ್ಲಿರುವ ಉಪ್ಪಿನ ಅಂಶವೂ ಗಾಳಿಯ ತೇವವೂ ಕೂಡಿದರೆ ಕಂಚಿನ ಮೇಲೆ ತಿಳಿಹಸಿರು ಪುಡಿ ಏಳಬಹುದು. ಇದನ್ನು ತಜ್ಞರು 'ಕಂಚಿನ ರೋಗ' ಎನ್ನುತ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ ನಿಜ; ಆದರೆ ಹಳೆಯ ಮೇಲ್ಪದರವೂ ಅದರಲ್ಲಿದ್ದ ಕುರುಹುಗಳೂ ತೊಳೆದುಹೋಗುತ್ತವೆ, ಒಳಗಿನ ಉಪ್ಪು ಮಾತ್ರ ಉಳಿದುಬಿಡುತ್ತದೆ.

ಈ ರೋಗಕ್ಕೆ ಮದ್ದು ಹುಡುಕಿದ ಕಥೆಗೂ ಈ ಸೀಮೆಗೂ ನಂಟಿದೆ. 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ 1930ರಲ್ಲಿ ರಾಸಾಯನಿಕ ಸಂರಕ್ಷಣಾ ಪ್ರಯೋಗಾಲಯ ಆರಂಭವಾಯಿತು. ಕಡಲಗಾಳಿಗೆ ಹಸಿರುಗಟ್ಟುತ್ತಿದ್ದ ಕಂಚಿನ ವಿಗ್ರಹಗಳಿಗೆ ರಸಾಯನಶಾಸ್ತ್ರಜ್ಞ ಎಸ್. ಪರಮಶಿವನ್ ವಿದ್ಯುತ್ತಿನ ನೆರವಿನಿಂದ ಚಿಕಿತ್ಸೆ ನೀಡಿದರು. ಅದಕ್ಕೂ ಮೊದಲು, 1888ರಲ್ಲಿ, ಬರ್ಲಿನ್ನಿನ ವಸ್ತುಸಂಗ್ರಹಾಲಯವು ಫ್ರೀಡ್ರಿಕ್ ರಾಟ್ಗೆನ್ ಎಂಬ ರಸಾಯನಶಾಸ್ತ್ರಜ್ಞನನ್ನು ಇಂಥದೇ ಕೆಲಸಕ್ಕೆ ನೇಮಿಸಿಕೊಂಡಿತ್ತು.

ಕೊಳ್ಳೇಗಾಲದ ಇನ್ನೊಂದು ಮಗ್ಗುಲಲ್ಲಿರುವ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು. ಇಲ್ಲಿಯ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳ ಸರಪಳಿ ಇದೆ. ಇಂಥ ಕಲ್ಲಿಗೆ ಬರುವ ಕಾಯಿಲೆಗಳೇ ಬೇರೆ. ನೀರು ಒಳಗಿಳಿದು ಆರಿದಾಗ ಉಪ್ಪು ಹರಳುಗಟ್ಟಿ ಕಲ್ಲಿನ ಮೈಯನ್ನು ಸಿಡಿಸುತ್ತದೆ. ಸುಣ್ಣ, ಎಣ್ಣೆ, ಬಣ್ಣ ಬಳಿದರೆ ಕೆತ್ತನೆ ಮುಚ್ಚಿಹೋಗುತ್ತದೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ತೀರ್ಮಾನಿಸಲು ಭಕ್ತಿಯೊಂದೇ ಸಾಲದು, ಪರೀಕ್ಷೆಯೂ ಬೇಕು. ಓಲೆಗರಿಗೆ ಹುಳು, ಬಟ್ಟೆಗೆ ಬೆಳಕು, ವರ್ಣಚಿತ್ರಕ್ಕೆ ತೇವ: ಒಂದೊಂದಕ್ಕೂ ಒಂದೊಂದು ಶತ್ರು.

ಈ ವಿದ್ಯೆಯ ಬಾಗಿಲು ದೂರದಲ್ಲೇನೂ ಇಲ್ಲ. ಲಖನೌದಲ್ಲಿ 1976ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತು ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಪ್ರಯೋಗಾಲಯ 1987ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಬೆಳೆಯಿತು. ಹಿಂದೆ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸಂಸ್ಥೆಯಾಗಿದ್ದು ಈಗ ನೊಯ್ಡಾದಲ್ಲಿರುವ ಭಾರತೀಯ ಪರಂಪರಾ ಸಂಸ್ಥೆಯಲ್ಲಿ ಸಂರಕ್ಷಣೆಯನ್ನು ಸ್ನಾತಕೋತ್ತರ ವಿಷಯವಾಗಿ ಓದಬಹುದು. ಮುಂದೆ ಸಾಗಬಯಸುವವರಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮೊದಲಾದ ವಸ್ತುಸಂಗ್ರಹಾಲಯಗಳ ಸಂಶೋಧನಾ ಫೆಲೋಶಿಪ್‌ಗಳಿವೆ. ಅಲ್ಲಿ ಫೆಲೋ ಆದವರು ಕ್ಷ-ಕಿರಣ, ಸೂಕ್ಷ್ಮದರ್ಶಕಗಳಿಂದ ಲೋಹದ ಮಿಶ್ರಣ, ಬಣ್ಣದ ಮೂಲ ಕಂಡುಹಿಡಿಯುತ್ತಾರೆ. ವಸ್ತುವಿನ ಚೂರೂ ಕೀಳದೆ ಕೆಲಸ ಮಾಡುವುದೇ ಜಾಣತನ. ಅರ್ಹತೆ, ಅವಧಿ, ವೇತನದ ವಿವರಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು.

ಪೋಷಕರು ಗಮನಿಸಬೇಕಾದ್ದು ಇಷ್ಟು: ಇದು ಬಿ.ಎಸ್ಸಿ. ಓದಿದ ಮಕ್ಕಳಿಗೆ ತೆರೆದಿರುವ ದಾರಿ. ರಸಾಯನಶಾಸ್ತ್ರ ಗಟ್ಟಿಯಾಗಿರಬೇಕು, ಕೈ ಹಗುರವಾಗಿರಬೇಕು, ತಾಳ್ಮೆ ಬೇಕು. ಹುದ್ದೆಗಳು ಕಡಿಮೆ, ಫಲ ನಿಧಾನ. ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆದರೆ ಹನೂರು, ಯಳಂದೂರಿನ ಹುಡುಗ ಹುಡುಗಿಯರಿಗೆ ಒಂದು ಅನುಕೂಲವಿದೆ. ಕಂಸಾಳೆ ಹೇಗೆ ನುಡಿಯಬೇಕೆಂದು ಅವರ ಕಿವಿಗೆ ಗೊತ್ತು. ಕಂಚಿನಲ್ಲಿ ತಾಮ್ರವೆಷ್ಟು, ತವರವೆಷ್ಟು ಎಂದು ಯಂತ್ರ ಹೇಳೀತು. ಅದು ಯಾರ ಕೈಯಲ್ಲಿ, ಯಾವ ಜಾತ್ರೆಯಲ್ಲಿ ನುಡಿಯಿತೆಂದು ಹೇಳಲು ಊರಿನವರೇ ಬೇಕು.