ಕಾರ್ಲೋಸನ ಪ್ಯಾರಾ

1971. ಟೆಕ್ಸಾಸಿನ ಆಸ್ಟಿನ್ ನಗರದ ಒಂದು ಐದನೇ ತರಗತಿ. ನೀವು ಹಿಂದಿನ ಗೋಡೆಗೆ ಒರಗಿ ನಿಂತಿದ್ದೀರಿ. ಟೀಚರ್ ಪ್ರಶ್ನೆ ಕೇಳುತ್ತಲೇ ಏಳೆಂಟು ಕೈಗಳು ಮೇಲೇಳುತ್ತವೆ. ಒಬ್ಬನ ಹೆಸರು ಕರೆದರೆ ಉಳಿದವರೆಲ್ಲ 'ಛೇ' ಅನ್ನುತ್ತಾರೆ; ಅವನು ತಪ್ಪು ಹೇಳಲಿ, ತಮಗೆ ಅವಕಾಶ ಬರಲಿ ಎಂದು ಕಾಯುತ್ತಾರೆ. ಬಿಳಿಯರು, ಕರಿಯರು, ಮೆಕ್ಸಿಕನ್ ಮೂಲದವರು ಎಂದು ಬೇರೆ ಬೇರೆ ಶಾಲೆಗಳಲ್ಲಿದ್ದ ಮಕ್ಕಳು ಈಗಷ್ಟೇ ಒಂದೇ ಕೋಣೆಗೆ ಬಂದಿದ್ದಾರೆ.

ಎದ್ದ ಕೈಗಳಲ್ಲಿ ಕಾರ್ಲೋಸನದು ಇಲ್ಲ. ಇದು ಈ ಪ್ರಸಂಗವನ್ನು ಹೇಳುವ ಪುಸ್ತಕದಲ್ಲಿ ಅವನಿಗೆ ಇಟ್ಟ ಹೆಸರು. ಮನೆಮಾತು ಸ್ಪ್ಯಾನಿಷ್. ಇಂಗ್ಲಿಷ್ ಬರುತ್ತದೆ, ಆದರೆ ಉಚ್ಚಾರ ಕೇಳಿ ಮಕ್ಕಳು ನಗುತ್ತಾರೆ. ಅವನಿಗೆ ಅವಮಾನವಾಗದಿರಲಿ ಎಂದು ಟೀಚರ್ ಅವನನ್ನು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಾರೆ. ಮಕ್ಕಳ ನಗುವಿಗಿಂತ ಈ ಕನಿಕರವೇ ನನ್ನನ್ನು ಹೆಚ್ಚು ಕಾಡುತ್ತದೆ. ಕನ್ನಡ ಮಾಧ್ಯಮದಿಂದ ಬಂದು ಕಾಲೇಜಿನ ಕೊನೇ ಬೆಂಚಿನಲ್ಲಿ ಮಾತಿಲ್ಲದೆ ಕೂತ ಎಷ್ಟು ಮಕ್ಕಳಿಗೆ ಇದೇ ಕನಿಕರ ಸಿಕ್ಕಿಲ್ಲ!

ಮತ್ತೆ ಆಸ್ಟಿನ್ನಿನ ಅದೇ ತರಗತಿ. ಈಗ ಕೋಣೆಯ ರೀತಿಯೇ ಬದಲಾಗಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಎಲಿಯಟ್ ಆರನ್‌ಸನ್ ಮತ್ತು ಅವರ ಸಂಗಡಿಗರು ರೂಪಿಸಿದ 'ಜಿಗ್ಸಾ' ಕ್ರಮದಂತೆ ಮಕ್ಕಳು ಆರಾರು ಜನರ ಗುಂಪಿನಲ್ಲಿ ಕೂತಿದ್ದಾರೆ. ಪಾಠ ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರನ ಜೀವನ. 1864ರಲ್ಲಿ ಅಮೆರಿಕಕ್ಕೆ ಬಂದಿಳಿದಾಗ ಅವನಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಆರು ಪ್ಯಾರಾ, ಮಗುವಿಗೆ ಒಂದೊಂದು. ಇಡೀ ಕಥೆ ಯಾರ ಕೈಯಲ್ಲೂ ಇಲ್ಲ. ಬೇಕೆಂದರೆ ಉಳಿದ ಐವರ ಬಾಯಿಂದಲೇ ಕೇಳಬೇಕು. ಗುಂಪಿಗೆ ಹೇಳುವ ಮುಂಚೆ, ಅದೇ ಪ್ಯಾರಾ ಸಿಕ್ಕ ಬೇರೆ ಗುಂಪಿನವರ ಜತೆ ಮಾತಾಡಿ ಗಟ್ಟಿ ಮಾಡಿಕೊಳ್ಳಬಹುದು. ಅಳುಕುವ ಮಗುವಿಗೆ ಇದು ದೊಡ್ಡ ಆಸರೆ. ಎಲ್ಲರೆದುರು ಹೇಳುವ ಮೊದಲೇ ಮಾತು ಒಮ್ಮೆ ನಾಲಿಗೆಯ ಮೇಲೆ ಆಡಿರುತ್ತದೆ.

ಕಾರ್ಲೋಸನ ಪಾಲಿಗೆ ಬಂದದ್ದು ಪುಲಿಟ್ಜರನ ನಡುವಯಸ್ಸು. ಚೆನ್ನಾಗಿಯೇ ಓದಿಕೊಂಡಿದ್ದಾನೆ. ಸರದಿ ಬಂದಾಗ ಮಾತ್ರ ತೊದಲುತ್ತಾನೆ, ತಡವರಿಸುತ್ತಾನೆ, ಕೂತಲ್ಲೇ ಮಿಸುಕಾಡುತ್ತಾನೆ. ನಿನಗೆ ಏನೂ ಬರುವುದಿಲ್ಲ, ನೀನು ದಡ್ಡ ಎಂದು ಒಬ್ಬಳು ಹುಡುಗಿ ಅಂದೇಬಿಡುತ್ತಾಳೆ.

ಗುಂಪುಗಳ ನಡುವೆ ಓಡಾಡುತ್ತಿದ್ದ ಸಹಾಯಕಿ ಹತ್ತಿರ ಬರುತ್ತಾಳೆ. ಗದರುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹಾಗೆ ಅನ್ನಬೇಕೆಂದಿದ್ದರೆ ಅನ್ನಿ, ಆದರೆ ಅದರಿಂದ ಪುಲಿಟ್ಜರನ ನಡುವಯಸ್ಸಿನ ವಿಷಯ ನಿಮಗೆ ತಿಳಿಯುವುದಿಲ್ಲ, ಇನ್ನು ಇಪ್ಪತ್ತು ನಿಮಿಷಕ್ಕೆ ಪರೀಕ್ಷೆ ಎನ್ನುತ್ತಾಳೆ. ಮುಂದಿನ ಗುಂಪಿಗೆ ಹೊರಟುಹೋಗುತ್ತಾಳೆ.

ಒಂದೇ ದಿನಕ್ಕೆ ಯಾರೂ ಬದಲಾಗುವುದಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಅದೇ ಗೋಡೆಗೆ ಒರಗಿ ನೋಡಿ. ಮಕ್ಕಳು ಕಾರ್ಲೋಸನ ಕಡೆ ಬಾಗಿ ಕೂತಿದ್ದಾರೆ. ಅವನು ನಿಂತಲ್ಲಿ ಒಬ್ಬರು ಪ್ರಶ್ನೆ ಹಾಕುತ್ತಾರೆ: ಆಮೇಲೆ ಏನಾಯಿತು, ಎಲ್ಲಿ, ಯಾಕೆ? ಒಂದು ಪ್ಯಾರಾವನ್ನು ಒಂದೇ ಉಸಿರಿಗೆ ಒಪ್ಪಿಸಲಾಗದವನು ಒಂದು ಪ್ರಶ್ನೆಗೆ ಒಂದು ವಾಕ್ಯ ಹೇಳಬಲ್ಲ; ಆ ವಾಕ್ಯದ ಬೆನ್ನಿಗೆ ಇನ್ನೊಂದು ಬರುತ್ತದೆ. ಮಾತು ಕಲಿಸಲು ಹೊರಟ ನಾವು ಕೇಳಿಸಿಕೊಳ್ಳುವವರನ್ನು ತಯಾರು ಮಾಡುವುದನ್ನೇ ಮರೆಯುತ್ತೇವೆ. ಇಲ್ಲಿ ಮಕ್ಕಳು ಕೇಳಿಸಿಕೊಳ್ಳುವುದನ್ನು ಕಲಿತಿದ್ದಾರೆ, ಅದೂ ತಮ್ಮ ಸ್ವಂತ ಗರಜಿನಿಂದ.

ಕಾರ್ಲೋಸ್ ನಿರಾಳವಾಗುತ್ತಾನೆ. ನಿರಾಳವಾದಷ್ಟೂ ಮಾತು ಸಲೀಸು. ತಾವು ಅಂದುಕೊಂಡಷ್ಟು ದಡ್ಡ ಇವನಲ್ಲ ಎಂಬುದು ಉಳಿದವರಿಗೂ ತಿಳಿಯುತ್ತದೆ. ಎಷ್ಟೋ ವರ್ಷಗಳ ಮೇಲೆ ಆರನ್‌ಸನ್ ಅವರಿಗೆ ಒಂದು ಪತ್ರ ಬಂತು. ಆ ಕಾರ್ಲೋಸ್ ನಾನೇ ಎಂದು ಬರೆದಿದ್ದ ಯುವಕನಿಗೆ ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಸೀಟು ಸಿಕ್ಕಿತ್ತು.