ಬಿಸಿಲೂರಿನ ದೀಪಕ್ಕೆ ಗಾಜಿನ ಹೊದಿಕೆ

ಗದಗದಿಂದ ನರೇಗಲ್ಲಿನ ದಾರಿ ಹಿಡಿದರೆ ಪೇಟೆ ದಾಟುತ್ತಲೇ ಎರಡೂ ಕಡೆ ಎರೆಹೊಲಗಳು ತೆರೆದುಕೊಳ್ಳುತ್ತವೆ. ಗಿಡಮರ ವಿರಳ. ಜೋಳ, ಕಡಲೆ, ಮೆಣಸಿನಕಾಯಿ, ಉಳ್ಳಾಗಡ್ಡಿಯ ಸೀಮೆ ಇದು. ಕೋಟುಮಚಗಿ ಈ ಸೀಮೆಯ ಊರು. ಇಲ್ಲಿ ಬರವೇನಿದ್ದರೂ ನೀರಿಗೆ, ಬಿಸಿಲಿಗಲ್ಲ.

ಊರು ಬಹಳ ಹಳೆಯದು. ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಶಾಸನದಲ್ಲಿ ಇದರ ಹೆಸರು ಉಮ್ಮಚಿಗೆ. ವಿದ್ಯೆ ಕಲಿಸುವವರಿಗೆ ಭೂಮಿ ಬಿಟ್ಟ ಸಂಗತಿ ಅದರಲ್ಲಿದೆ. ಸಾವಿರ ವರ್ಷದ ಹಿಂದೆಯೇ ಓದಿಗಾಗಿ ಹೊಲ ಬಿಟ್ಟ ಊರಿನಲ್ಲಿ, ಕರೆಂಟು ಹೋದ ಸಂಜೆಯೂ ಮಕ್ಕಳ ಓದು ನಿಲ್ಲದಿರಲು ಇಂದು ಒಂದು ಸಣ್ಣ ಸೌರದೀಪ ಸಾಕು. ಆದರೆ ಅಗ್ಗದ ದೀಪಗಳು ಎರಡು ಮೂರು ಮಳೆಗಾಲಕ್ಕೇ ಮಂಕಾಗುವುದುಂಟು. ಬ್ಯಾಟರಿ ಸತ್ತರೆ ಬದಲಾಯಿಸಬಹುದು. ಫಲಕ ಸತ್ತರೆ ದೀಪವೇ ಕಸ. ಫಲಕದಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಸೌರಕೋಶವಲ್ಲ, ಅದರ ಹೊದಿಕೆ.

ಸಿಲಿಕಾನ್ ಸೌರಕೋಶ ಹಪ್ಪಳಕ್ಕಿಂತ ತೆಳು. ಈಗಿನವು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟೂ ದಪ್ಪವಿಲ್ಲ. ತುಸು ಒತ್ತಿದರೆ ಒಡೆಯುತ್ತವೆ. ಹಾಗೆಂದು ಚೂರು ವ್ಯರ್ಥವಲ್ಲ. ಚಿಕ್ಕ ಚೂರೂ ಅರ್ಧ ವೋಲ್ಟ್ ಕೊಡುತ್ತದೆ; ಹರಿಯುವ ವಿದ್ಯುತ್ ಮಾತ್ರ ಕಡಿಮೆ. ಹನ್ನೆರಡು ಚೂರುಗಳನ್ನು ತವರ ಲೇಪಿಸಿದ ತಾಮ್ರದ ಪಟ್ಟಿಯಿಂದ ಸಾಲಾಗಿ ಬೆಸೆದರೆ ಆರು ವೋಲ್ಟ್ ಆಯಿತು. ಸಿಲಿಕಾನ್ ದಶಕಗಟ್ಟಲೆ ಬಾಳುತ್ತದೆ. ಆದರೆ ತೇವ ಒಳನುಗ್ಗಿದರೆ ಕೋಶದ ಮೇಲಿನ ಬೆಳ್ಳಿಗೆರೆಗಳನ್ನೂ ಬೆಸುಗೆಯನ್ನೂ ತಿಂದುಹಾಕುತ್ತದೆ.

ಈ ಸೀಮೆಯ ಹಿರಿಯರಿಗೆ ಇದು ಹೊಸ ಪಾಠವಲ್ಲ. ನೆಲದೊಳಗಿನ ಹಗೇವಿಗೆ ಸುತ್ತ ಹುಲ್ಲು ಇಟ್ಟು ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದವರು ಅವರು. ಕಾಳು ಗಟ್ಟಿಯಿದ್ದರೆ ಸಾಲದು, ಪಸೆ ಒಳಗೆ ಇಳಿಯಬಾರದು. ಮಾಳಿಗೆಯ ಬೆಳಕಿಂಡಿಗೆ ಗಾಜು ಕೂರಿಸಿದವರಿಗೂ ಗೊತ್ತು, ಸೋರುವುದು ಗಾಜಲ್ಲ, ಅಂಚು.

ದೊಡ್ಡ ಕಾರ್ಖಾನೆಗಳಲ್ಲಿ ಗಟ್ಟಿ ಗಾಜಿನಡಿ ಇ.ವಿ.ಎ. ಎಂಬ ಪ್ಲಾಸ್ಟಿಕ್ ಹಾಳೆ, ಕೋಶಗಳು, ಮತ್ತೊಂದು ಹಾಳೆ, ಬೆನ್ನಿಗೊಂದು ಪದರ ಜೋಡಿಸಿ, ಗಾಳಿ ಹೀರಿ ತೆಗೆದು, ಸುಮಾರು 150 ಡಿಗ್ರಿ ಶಾಖದಲ್ಲಿ ಒತ್ತುತ್ತಾರೆ. ದುಬಾರಿ ಸಿಲಿಕೋನಿಗೆ ಬದಲಾಗಿ ಈ ಹಾಳೆ ಬಳಕೆಗೆ ಬಂದದ್ದು ಅಮೆರಿಕದಲ್ಲಿ 1975ರಿಂದ 1986ರವರೆಗೆ ನಡೆದ ಸಂಶೋಧನೆಯ ಫಲ. ಇಂಥ ಫಲಕಗಳಿಗೆ 25 ವರ್ಷದ ಭರವಸೆ ಕೊಡುವುದು ರೂಢಿ.

ಸಣ್ಣ ದೀಪದ ಫಲಕದ ಮೇಲೆ ಹೆಚ್ಚಾಗಿ ಎಪಾಕ್ಸಿ ಅಂಟು ಸುರಿದಿರುತ್ತಾರೆ. ಅದಕ್ಕೆ ಯಂತ್ರ ಬೇಕಿಲ್ಲ, ಖರ್ಚೂ ಕಡಿಮೆ. ಆದರೆ ಬಿಸಿಲಿಗೆ ಅದು ಹಳದಿಗಟ್ಟಿ ಬೆಳಕನ್ನೇ ತಡೆಯುತ್ತದೆ. ಅಕ್ರಿಲಿಕ್ ಹಾಳೆ ಶಾಖಕ್ಕೆ ಗಾಜಿಗಿಂತ ಏಳೆಂಟು ಪಟ್ಟು ಹೆಚ್ಚು ಹಿಗ್ಗುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ ಕೊನೆಗೆ ಅಂಚಿನ ಅಂಟು ಬಿಡುತ್ತದೆ. ಎರಡು ಗಾಜಿನ ನಡುವೆ ಬರೀ ಗಾಳಿ ಉಳಿದರೂ ತೊಂದರೆಯೇ. ಕಾದ ಗಾಳಿ ಹಗಲು ಹೊರಗೆ ನುಸುಳುತ್ತದೆ, ರಾತ್ರಿ ತೇವದ ಗಾಳಿ ಒಳಗೆ ಬರುತ್ತದೆ.

ಕಡಿಮೆ ಖರ್ಚಿನಲ್ಲಿ ಬಾಳುವ ದಾರಿಯೂ ಇದೆ. ಮುಂದೆ ಸಾದಾ ಕಿಟಕಿ ಗಾಜು, ಅದರ ಬೆನ್ನಿಗೆ ಕೋಶಗಳು, ನಡುವೆ ಗುಳ್ಳೆಯಿಲ್ಲದಂತೆ ತಿಳಿಯಾದ ದ್ರವ ಸಿಲಿಕೋನಿನ ತೆಳು ಪದರ. ಅದು ರಬ್ಬರಿನಂತೆ ಮೆತ್ತಗಿರುವುದರಿಂದ ಕೋಶವನ್ನು ಎಳೆದಾಡುವುದಿಲ್ಲ, ಬಿಸಿಲಿಗೆ ಸುಲಭವಾಗಿ ಹಳದಿಯಾಗುವುದೂ ಇಲ್ಲ. ಬೆಲೆ ಹೆಚ್ಚು; ಆದರೆ ಅಂಗೈಯಗಲದ ಫಲಕಕ್ಕೆ ಬೇಕಾಗುವುದು ಸ್ವಲ್ಪವೇ. ಕಿಟಕಿ ಸಂದಿಗೆ ಹಚ್ಚುವ, ಹುಳಿ ವಾಸನೆಯ ಸಿಲಿಕೋನ್ ಮಾತ್ರ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರಕ್ಕೆ ಕೇಡು.

ಇಂಥ ಕೆಲಸಕ್ಕೆ ಮಹಾನಗರವೇ ಬೇಕೆಂದಿಲ್ಲ. ರಾಜಸ್ಥಾನದ ಡುಂಗರಪುರದಲ್ಲಿ ಮುಂಬಯಿ ಐಐಟಿಯ ನೆರವಿನಿಂದ ಬುಡಕಟ್ಟಿನ ಮಹಿಳೆಯರು ಸೌರಫಲಕ ತಯಾರಿಸುವುದನ್ನು ಕಲಿತು ಕಾರ್ಖಾನೆಯನ್ನೇ ನಡೆಸಿ ತೋರಿಸಿದ್ದಾರೆ. ಬೆಸುಗೆ ಹಾಕುವ ಕೈ, ಗಾಜು ಒರೆಸುವ ತಾಳ್ಮೆ, ಅಂಚು ಮುಚ್ಚುವ ಎಚ್ಚರ ಗದಗ ಸೀಮೆಗೇನೂ ಅಪರೂಪವಲ್ಲ.

ಕೊಳ್ಳುವವರಿಗೆ ಒಂದು ಲೆಕ್ಕ ಸಾಕು. 300 ರೂಪಾಯಿಯ ಫಲಕ ಎರಡು ವರ್ಷ ಬಾಳಿದರೆ ವರ್ಷಕ್ಕೆ 150 ರೂಪಾಯಿ ಬಿತ್ತು. 600 ರೂಪಾಯಿಯದು ಹತ್ತು ವರ್ಷ ಬಾಳಿದರೆ 60 ರೂಪಾಯಿ. ಆದ್ದರಿಂದ ಬೆಲೆ ಕೇಳುವ ಮೊದಲು ಫಲಕದ ಮೇಲೆ ಉಗುರಾಡಿಸಿ ನೋಡಬೇಕು, ಅದು ಗಾಜೋ ಅಂಟೋ ಎಂದು. ಎರೆನೆಲದ ಧೂಳನ್ನು ದಿನಾ ಬಟ್ಟೆಯಿಂದ ಒರೆಸುವ ಊರಿನಲ್ಲಿ ಅಂಟಿನ ಮೈ ಬೇಗ ಗೀರುಗಟ್ಟುತ್ತದೆ. ಗಾಜು ಅಷ್ಟು ಸುಲಭವಾಗಿ ಸವೆಯುವುದಿಲ್ಲ.